ಹೊಟ್ಟೆಯೊಳಗಿನದು ಕೊಂಡವರದು

ಹಿರಿಯೂರಿನ ದನದ ದಲ್ಲಾಳಿ ಚಿತ್ರಲಿಂಗಪ್ಪ ನಿಂತು ಕೊಡಿಸಿದ ರಾಸು ನಲವತ್ತು ವರ್ಷದಲ್ಲಿ ಒಂದೂ ವಾಪಸ್ ಬಂದಿರಲಿಲ್ಲ. ಇದನ್ನು ಅವನೇ ಹೇಳಿಕೊಂಡು ತಿರುಗುತ್ತಿದ್ದ ಅಂತ ತಿಳಿಯಬೇಡಿ. ಅವನನ್ನು ಕಂಡರೆ ಆಗದವರೂ ಹೇಳುತ್ತಿದ್ದ ಮಾತು ಅದು. ದಲ್ಲಾಳಿ ಅಂದರೆ ಎರಡು ನಾಲಿಗೆಯವನು ಅಂತ ಲೋಕವೇ ಆಡಿಕೊಳ್ಳುತ್ತದೆ, ಪೂರಾ ಸುಳ್ಳೂ ಅಲ್ಲ. ಮುದಿ ಎತ್ತಿನ ಕೊಂಬು ಹೆರೆದು, ಎಣ್ಣೆ ಸವರಿ, ಪ್ರಾಯದ್ದು ಅಂತ ದಾಟಿಸುವವರು ಆ ಸಂತೆಯಲ್ಲೇ ಇದ್ದರು. ಎರಡು ಹೊತ್ತು ಹಾಲು ಕರೆಯದೆ ಕೆಚ್ಚಲು ಬಿಗಿಸಿಕೊಂಡು ಹೊಡೆದುಕೊಂಡು ಬರುವವರೂ ಇದ್ದರು. ಚಿತ್ರಲಿಂಗಪ್ಪನಿಗೆ ಅವರನ್ನು ಕಂಡರೆ ಹೇಸಿಗೆ. ಅವರ ಪಕ್ಕ ಕೂತು ಒಂದು ಲೋಟ ಚಾ ಕೂಡ ಕುಡಿದವನಲ್ಲ.

ಅವನಿಗೆ ಅವನದೇ ಕಾಯಿದೆಗಳಿದ್ದವು. ಹಾಲಿನ ರಾಸಾದರೆ ಕೊಳ್ಳುವವರ ಕೈಯಲ್ಲೇ ಕರೆಸಿ ನೋಡಬೇಕು, ಆ ಹೊತ್ತಿಗೆ ಮಾರುವವನು ಅಲ್ಲಿ ಇರಕೂಡದು. ಯಾಕೆಂದರೆ ಕೆಲವು ಎಮ್ಮೆಗಳಿರುತ್ತವೆ, ಒಡೆಯ ಪಕ್ಕದಲ್ಲಿ ನಿಂತು ಬೆನ್ನು ಸವರಿದರೆ ಮಾತ್ರ ಹಾಲು ಬಿಡುತ್ತವೆ, ಬೇರೆ ಕೈ ತಾಗಿದರೆ ಒದೆಯುತ್ತವೆ. ಅದಕ್ಕೇ ಚಿತ್ರಲಿಂಗಪ್ಪ ಮಾರುವವನನ್ನು ಚಾ ಅಂಗಡಿಗೆ ಅಟ್ಟಿ, ಅವನ ನೆರಳೂ ಕಾಣದಂತಾದ ಮೇಲೆ ಕೊಳ್ಳುವವರ ಕೈಗೆ ಚೊಂಬು ಕೊಡುತ್ತಿದ್ದ. ಇನ್ನೊಂದು ಕಾಯಿದೆ ಇದಕ್ಕಿಂತ ದೊಡ್ಡದು: ಹೊಟ್ಟೆಯೊಳಗಿನದು ಕೊಂಡವರದು. ಗೊಡ್ಡು ಅಂತ ಕೊಟ್ಟ ಮೇಲೆ ಗಬ್ಬ ಅಂತ ಗೊತ್ತಾದರೆ ಕೊಟ್ಟವನು ಬಾಯಿ ಬಿಡಕೂಡದು. ಚರ್ಮದ ಒಳಗೆ ಇದ್ದದ್ದೆಲ್ಲ ರಾಸಿನ ಜೊತೆಗೇ ಕೈ ದಾಟಿತು, ಮುಗಿಯಿತು.

ಆ ಕಾಯಿದೆಗೆ ಹೆಸರು ಬಂದದ್ದು ತಾಳ್ಯದ ದ್ಯಾಮಮ್ಮನಿಂದ. ಮೂವತ್ತು ವರ್ಷದ ಹಿಂದಿನ ಮಾತು. ಗಂಡ ತೀರಿಹೋಗಿ ವರ್ಷ ತುಂಬಿರಲಿಲ್ಲ, ಕಂಕುಳಲ್ಲಿ ಕೂಸು ಹಾಲೇಶ. ಕೈಯಲ್ಲಿದ್ದ ಚೂರುಪಾರಿಗೆ ಒಳ್ಳೇ ಎಮ್ಮೆ ಎಲ್ಲಿ ಬರಬೇಕು. ಚಿತ್ರಲಿಂಗಪ್ಪ ಬಾಗೂರಿನ ಹನುಮಂತಪ್ಪನ ಹತ್ತಿರ ಒಂದು ಗೊಡ್ಡೆಮ್ಮೆ ಕೊಡಿಸಿದ. ಇವತ್ತಲ್ಲ ನಾಳೆ ಗಬ್ಬ ಕಟ್ಟೀತು ಅನ್ನುವ ನಂಬಿಕೆಯ ಮೇಲೆ ಆಕೆ ಹೊಡೆದುಕೊಂಡು ಹೋದಳು. ನೋಡಿದರೆ ಅದು ಆಗಲೇ ಗಬ್ಬ ಕಟ್ಟಿತ್ತು. ಐದು ತಿಂಗಳಿಗೆ ಹೆಣ್ಣುಕರು ಹಾಕಿತು. ಸುದ್ದಿ ಬಾಗೂರಿಗೆ ಮುಟ್ಟಿದ್ದೇ ತಡ, ಹನುಮಂತಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ತಾಳ್ಯಕ್ಕೆ ಬಂದ. ನಾನು ಮಾರಿದ್ದು ಎಮ್ಮೆ, ಕರುವನ್ನಲ್ಲ, ಕರು ಬಿಡು ಇಲ್ಲ ಅದರ ದುಡ್ಡು ಕೊಡು ಅಂತ ಗಂಡಸಿಲ್ಲದ ಮನೆಯ ಮುಂದೆ ಕೂತುಬಿಟ್ಟ. ಚಿತ್ರಲಿಂಗಪ್ಪ ಹಿರಿಯೂರಿನಿಂದ ಬಸ್ಸು ಹಿಡಿದು ಬಂದು, ಊರವರ ಎದುರಿಗೆ ಅವನ ಮುಖ ನೋಡಿ, ಹೊಟ್ಟೆಯೊಳಗಿನದು ಕೊಂಡವರದು, ಎದ್ದು ನಡಿ ಅಂದ. ಹನುಮಂತಪ್ಪ ಎದ್ದ. ಆಮೇಲೆ ಸಾಯುವವರೆಗೂ ಚಿತ್ರಲಿಂಗಪ್ಪನ ಕೈಯಲ್ಲಿ ಒಂದು ಕುರಿಮರಿಯ ವ್ಯಾಪಾರವನ್ನೂ ಮಾಡಿಸಲಿಲ್ಲ.

ಹಾಲೇಶ ಬೆಳೆದದ್ದು ಆ ಎಮ್ಮೆಯ ಹಾಲು ಕುಡಿದು. ದ್ಯಾಮಮ್ಮ ಅದನ್ನು ಮರೆಯದೆ ವರ್ಷಕ್ಕೊಂದು ಸಲ ಹಿರಿಯೂರಿಗೆ ಒಂದು ಡಬ್ಬಿ ತುಪ್ಪ ಕಳಿಸುತ್ತಿದ್ದಳು.

ಹೋದ ವರ್ಷ ತುಪ್ಪ ಹೊತ್ತಿಗೆ ಬರಲಿಲ್ಲ. ಬಂದದ್ದು ಹಾಲೇಶನ ಫೋನು. ಅವ್ವನಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ, ವಾರಕ್ಕೆರಡು ಸಲ ದುರ್ಗದ ಆಸ್ಪತ್ರೆಯಲ್ಲಿ ಡಯಾಲಿಸಿಸ್ಸು ಅಂದ. ಹೋಗುವಾಗ ಹೇಗೋ ಬಸ್ಸಿನಲ್ಲಿ ಹೋಗುತ್ತಾಳೆ. ಬರುವಾಗ ರಕ್ತದ ಒತ್ತಡ ಇಳಿದುಹೋಗಿರುತ್ತದೆ, ನೆಟ್ಟಗೆ ಕೂತರೆ ಕಣ್ಣು ಕತ್ತಲೆ ಬರುತ್ತದೆ, ವಾಂತಿಯಾಗುತ್ತದೆ. ಮಲಗಿಸಿಕೊಂಡು ಬರುವಂಥ ಒಂದು ಕಾರು, ಸೆಕೆಂಡ್ ಹ್ಯಾಂಡಾದರೂ ಸರಿ, ನೋಡಿಕೊಡಿ ಯಜಮಾನರೆ ಅಂದ.

ಚಿತ್ರಲಿಂಗಪ್ಪ ಅವತ್ತಿನವರೆಗೆ ಗಾಲಿ ಇರುವ ಯಾವುದನ್ನೂ ಮಾರಿದವನಲ್ಲ, ಕೊಡಿಸಿದವನಲ್ಲ. ಆದರೆ ಅವನ ತಂಗಿಯ ಮಗ ಮಾರುತೇಶ, ಹಿರಿಯೂರಿನಲ್ಲಿ ಬೋರ್‌ವೆಲ್ ಏಜೆಂಟು, ಎರಡು ವರ್ಷದ ಹಿಂದೆ ಕೊಂಡಿದ್ದ ಕಾರು ಮಾರುವುದಕ್ಕೆ ಇಟ್ಟಿದ್ದ. ಅದರ ಮುಂದಿನ ಎಡಗಡೆ ಸೀಟು ಗುಂಡಿ ಒತ್ತಿದರೆ ಸಣ್ಣಗೆ ಗುಂಯ್‌ಗುಟ್ಟುತ್ತ ಹಿಂದಕ್ಕೆ ಹೋಗಿ ಮಂಚದ ಹಾಗೆ ಮಲಗುತ್ತಿತ್ತು. ಇನ್ನೇನು ಬೇಕು. ಹಾಲೇಶನನ್ನು ಕರೆಸಿದ.

ಕಾರು ನೋಡಿದ ಪರಿ ಕೇಳಿದರೆ ನಗು ಬರುತ್ತದೆ, ಆದರೆ ಅವನು ನೋಡಿದ್ದು ಶ್ರದ್ಧೆಯಿಂದ. ಮೂರು ಸುತ್ತು ಸುತ್ತಿದ. ಹಲ್ಲು ನೋಡುವವನ ಹಾಗೆ ಟೈರಿನ ಗೀರುಗಳಲ್ಲಿ ಬೆರಳಾಡಿಸಿದ. ಬಾನೆಟ್ಟಿನ ಮೇಲೆ ಕಿವಿಯಿಟ್ಟು ಉಸಿರು ಕೇಳಿದ. ಹೈವೇಯಲ್ಲಿ ಹಾಲೇಶನ ಕೈಯಲ್ಲಿ ಓಡಿಸಿ ಕುಂಟುತ್ತದೆಯೋ ಅಂತ ಪರೀಕ್ಷಿಸಿದ. ಕೊನೆಗೆ ಮಾರುತೇಶನಿಗೆ, ನೀನು ಹೋಗಿ ಚಾ ಕುಡಿದುಕೊಂಡು ಬಾರೋ ಅಂದ. ಯಾಕೆ ಮಾವ ಅಂದರೆ, ಹೋಗು ಅಂದ. ಅಳಿಯ ಬೀದಿ ತಿರುವಿನಲ್ಲಿ ಮರೆಯಾದ ಮೇಲೆ ಹಾಲೇಶನ ಕೈಯಲ್ಲಿ ಗುಂಡಿ ಒತ್ತಿಸಿದ. ಸೀಟು ಮಲಗಿತು. ಏಳಿಸಿದ, ಎದ್ದಿತು. ತಾನೇ ಅದರ ಮೇಲೆ ಮಲಗಿ, ಎದೆಯ ಮೇಲೆ ಕೈ ಕಟ್ಟಿಕೊಂಡು, ರಸ್ತೆಯಲ್ಲಿ ಹೋಗುವವರೆಲ್ಲ ನಗುವವರೆಗೆ ಮಲಗಿದ್ದ. ಹೊಸ ಕೈಗೂ ಹಾಲು ಬಿಟ್ಟಿತು ಅಂತ ಅವನಿಗೆ ಭಾರಿ ಸಮಾಧಾನ.

ಆಮೇಲೆ ಸಂತೆಯ ಪದ್ಧತಿಯಂತೆ, ಬೆರಳಲ್ಲಿ ಹೇಳುವ ರೇಟು ಬೇರೆಯವರಿಗೆ ಕಾಣದ ಹಾಗೆ ಹೆಗಲ ಮೇಲಿನ ಕೆಂಪು ಅಂಚಿನ ಟವೆಲ್ಲು ಹಾಸಿ, ಅದರ ಕೆಳಗೆ ಅಳಿಯನ ಬೆರಳು ಹಿಡಿದ, ಹಾಲೇಶನ ಬೆರಳು ಹಿಡಿದ. ರೇಟು ಕುದುರಿತು. ತನ್ನ ದಲ್ಲಾಳಿ ದುಡ್ಡು ಮುಟ್ಟಲಿಲ್ಲ. ಕೀಲಿ ಕೊಡಿಸುವಾಗ ಮಾತ್ರ ಸಂತೆಯಲ್ಲಿ ಹೇಳುವ ಹಾಗೆಯೇ ಗಟ್ಟಿಯಾಗಿ ಹೇಳಿದ:

"ಹಾಲೇಶ, ಇದ್ರ ಹೊಟ್ಟೇಲಿ ಏನೇನೈತೋ ಎಲ್ಲಾ ನಿಮ್ಮವ್ವಂದು. ಇದು ನನ್ ಮಾತು."

ಮೂರು ವಾರ ಚೆನ್ನಾಗೇ ನಡೆಯಿತು. ದ್ಯಾಮಮ್ಮ ಮಲಗಿಕೊಂಡು ಬರುತ್ತಿದ್ದಳು, ಕೆಲವು ಸಲ ನಿದ್ದೆಯನ್ನೂ ಮಾಡುತ್ತಿದ್ದಳು. ಅಷ್ಟರಲ್ಲಿ ಕಾಗದ ಪತ್ರ ಹಾಲೇಶನ ಹೆಸರಿಗೆ ಆಯಿತು, ಶೋರೂಮಿನವರು ಹೇಳಿದರು ಅಂತ ಮಾರುತೇಶ ತನ್ನ ಫೋನಿನಲ್ಲಿದ್ದ ಕಂಪನಿಯ ಆ್ಯಪಿನಿಂದ ಆ ಕಾರನ್ನು ತೆಗೆದುಹಾಕಿದ. ಮಾರಿದ ಮೇಲೆ ನನ್ನ ಫೋನಿನಲ್ಲಿ ಯಾಕೆ ಅಂತ ಅವನ ಲೆಕ್ಕ, ನ್ಯಾಯವೇ. ಮಾರನೆಯ ದಿನ ಆಸ್ಪತ್ರೆಯ ಬಾಗಿಲಲ್ಲಿ ಹಾಲೇಶ ಗುಂಡಿ ಒತ್ತಿದರೆ ಸೀಟು ಮಿಸುಕಲಿಲ್ಲ. ಮುಂದಿನ ಪರದೆಯ ಮೇಲೆ ಬರಹ ಬಂತು: ಈ ಸೌಲಭ್ಯದ ಚಂದಾ ಹಿಂದಿನ ಮಾಲೀಕರ ಹೆಸರಿನಲ್ಲಿತ್ತು, ಮುಂದುವರಿಸಬೇಕಾದರೆ ತಿಂಗಳಿಗೆ ಒಂಬೈನೂರ ತೊಂಬತ್ತೊಂಬತ್ತು ರೂಪಾಯಿ ಕಟ್ಟಿ.

ದ್ಯಾಮಮ್ಮ ತಾಳ್ಯದವರೆಗೆ ಬೆಲ್ಟು ಹಿಡಿದುಕೊಂಡು ನೆಟ್ಟಗೆ ಕೂತೇ ಬಂದಳು. ಎರಡು ಸಲ ಮಡಿಲಿಗೇ ವಾಂತಿ ಮಾಡಿಕೊಂಡಳು.

ಹಾಲೇಶ ಫೋನಿನಲ್ಲಿ ಬೈಯಲಿಲ್ಲ. ಬೈದಿದ್ದರೆ ಚಿತ್ರಲಿಂಗಪ್ಪನಿಗೆ ಎಷ್ಟೋ ವಾಸಿಯಿತ್ತು. "ಯಜಮಾನ್ರೆ, ಕೈ ಬದ್ಲಾಗಿದ್ದಕ್ಕೆ ಒದೀತೈತೆ," ಅಂದ, ಅಷ್ಟೇ. ನಲವತ್ತು ವರ್ಷದಲ್ಲಿ ಯಾರೂ ಹೇಳದ ಮಾತು. ಚಿತ್ರಲಿಂಗಪ್ಪ ಅವತ್ತು ಮಧ್ಯಾಹ್ನದ ಊಟಕ್ಕೆ ಕೂತವನು ಮುದ್ದೆ ಮುರಿಯದೆ ಎದ್ದ.

ಮಾರನೆಯ ದಿನ ಇಬ್ಬರೂ ದುರ್ಗದ ಶೋರೂಮಿಗೆ ಹೋದರು. ಗಾಜಿನ ಗೋಡೆ, ಮುಖ ಕಾಣುವ ನೆಲ. ಚಿತ್ರಲಿಂಗಪ್ಪ ಚಪ್ಪಲಿ ಹೊರಗೆ ಬಿಡಲು ಹೋದರೆ ಬೇಡ ಅಂದರು. ಸಹನಾ ಅನ್ನುವ ಹುಡುಗಿ ಕೂರಿಸಿ, ನೀರು ಕೊಟ್ಟು, ಕಂಪ್ಯೂಟರು ನೋಡಿ ವಿವರಿಸಿದಳು. ಸೀಟು ನಿಮ್ಮದೇ, ಒಳಗಿನ ಮೋಟಾರೂ ನಿಮ್ಮದೇ, ಅದು ಮಲಗುವುದು ಮಾತ್ರ ಸೇವೆ, ಸೇವೆಗೆ ಚಂದಾ ಅಂದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ಮಾತು ಇದು, ಆದರೆ ಆ ಹುಡುಗಿ ಅದನ್ನು ಪಾಠ ಒಪ್ಪಿಸುವ ಹಾಗೆ ಹೇಳಿದಳು. ಚಿತ್ರಲಿಂಗಪ್ಪ ಒಂದೊಂದಾಗಿ ಕೇಳಿದ. ಮೋಟಾರು ಕೆಟ್ಟಿದೆಯಾ? ಇಲ್ಲ. ಹೊಸದೇನಾದರೂ ಹಾಕುತ್ತೀರಾ? ಇಲ್ಲ. ಯಾರಾದರೂ ಬಂದು ತಳ್ಳುತ್ತಾರಾ? ಅದೂ ಇಲ್ಲ, ಕಂಪನಿಯವರು ಅಲ್ಲಿಂದಲೇ ತೆರೆಯುತ್ತಾರೆ.

"ಹಂಗಾದ್ರೆ ಮುಚ್ಚಿದ್ದೂ ಅವ್ರೇ ಅಲ್ವೇನವ್ವ?"

ಸಹನಾ ಆ ಕಡೆ ಈ ಕಡೆ ನೋಡಿ, ನನ್ನ ಸ್ಕೂಟರಿನದೂ ಇದೇ ಕಥೆ ಅಜ್ಜ, ಸಂಬಳ ಬಂದ ದಿನ ಕಟ್ಟುತ್ತೇನೆ ಅಂದಳು. ಇವಳ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ. ಚಿತ್ರಲಿಂಗಪ್ಪ ಹೆಗಲ ಟವೆಲ್ಲು ತೆಗೆದು ಆ ಗಾಜಿನ ಮೇಜಿನ ಮೇಲೆ ಹಾಸಿದ. ಅದರ ಕೆಳಗೆ ಕೈ ಚಾಚಿ, ನಿಮ್ಮ ಯಜಮಾನರನ್ನು ಕರೆಯಿರಿ, ಬಂದು ಕೈ ಹಿಡಿಯಲಿ, ಒಂದು ಮಾತಿಗೆ ಮುಗಿಸೋಣ ಅಂದ. ಯಜಮಾನರ ಕೈಯಲ್ಲೂ ಇಲ್ಲ ಅಜ್ಜ, ಸಿಸ್ಟಮ್ಮಿನಲ್ಲಿ ಇರುವುದು ಅಷ್ಟೇ ಅಂದಳು ಹುಡುಗಿ. ಟವೆಲ್ಲಿನ ಕೆಳಗೆ ಅವನ ಕೈ ಒಂದು ಗಳಿಗೆ ಹಾಗೇ ಇತ್ತು. ಆಮೇಲೆ ಹಿಂದಕ್ಕೆ ತೆಗೆದುಕೊಂಡ.

ಥೂ, ಎಂಥ ವ್ಯಾಪಾರ ಇದು! ಕೊಂಬಿಗೆ ಎಣ್ಣೆ ಸವರುವ ದಲ್ಲಾಳಿಯೂ ಇವರ ಮುಂದೆ ಸಾಧು ಅನ್ನಿಸಿತು ಅವನಿಗೆ. ಅವನಾದರೂ ಒಂದು ಸಲ ಟೋಪಿ ಹಾಕಿ, ಮುಖ ತೋರಿಸಲು ನಾಚಿ, ಮುಂದಿನ ಸಂತೆ ತಪ್ಪಿಸುತ್ತಾನೆ. ಇವರು ತಿಂಗಳಿಗೊಂದು ಸಲ ಟೋಪಿ ಹಾಕುತ್ತಾರೆ, ಅದೂ ರಸೀದಿ ಕೊಟ್ಟು. ಕರುವನ್ನು ಹೊಟ್ಟೆಯೊಳಗೇ ಕಟ್ಟಿಹಾಕಿ ಎಮ್ಮೆ ಮಾರಿದವರು ಇವರು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ದೇವರೂ ಅವನೇ ಪೂಜಾರಿಯೂ ಅವನೇ, ಕೊಟ್ಟದ್ದನ್ನು ಕಿತ್ತುಕೊಳ್ಳುವವನೂ ಅವನೇ.

ಆದರೆ ಮರುದಿನವೇ ದ್ಯಾಮಮ್ಮನ ಡಯಾಲಿಸಿಸ್ಸು. ಕೂತು ನ್ಯಾಯ ಹೇಳುವುದಕ್ಕೆ ಸಮಯವಿಲ್ಲ. ಹಾಲೇಶ ಬೇಡ ಬೇಡ ಅನ್ನುತ್ತಿದ್ದರೂ ಚಿತ್ರಲಿಂಗಪ್ಪ ಬನಿಯನ್ನಿನ ಜೇಬಿಗೆ ಕೈ ಹಾಕಿ ಎರಡು ಐನೂರರ ನೋಟು ತೆಗೆದ. ನೋಟು ನಡೆಯುವುದಿಲ್ಲ, ಫೋನಿನಲ್ಲೇ ಆಗಬೇಕು ಅಂದರು. ಹಾಲೇಶ ಫೋನಿನಲ್ಲಿ ಕಟ್ಟಿದ, ಇವನು ನೋಟನ್ನು ಅವನ ಜೇಬಿಗೆ ತುರುಕಿದ. ಹೊರಗೆ ನಿಂತಿದ್ದ ಕಾರಿನ ಸೀಟು, ಯಾರೂ ಮುಟ್ಟದೆ, ಯಾರೂ ಏನೂ ರಿಪೇರಿ ಮಾಡದೆ, ಗುಂಡಿ ಒತ್ತಿದ ಕೂಡಲೇ ಸಾಧು ಪ್ರಾಣಿಯ ಹಾಗೆ ಮಲಗಿತು. ಅದನ್ನು ನೋಡಿ ಚಿತ್ರಲಿಂಗಪ್ಪನಿಗೆ ಹೇಸಿಗೆಯಾಯಿತು. ಕೆಟ್ಟುಹೋಗಿದ್ದರೆ ಒಪ್ಪಿಕೊಳ್ಳುತ್ತಿದ್ದ. ಗಟ್ಟಿಮುಟ್ಟಾಗಿದ್ದುಕೊಂಡು ಕಾಯಿಲೆಯವಳನ್ನು ಕೂರಿಸಿ ಗೋಳಾಡಿಸಿತಲ್ಲ, ಅದು ಸಹಿಸಲಾಗಲಿಲ್ಲ. ಶೋರೂಮಿನ ಹಿಂದೆ ಗಾಡಿ ತೊಳೆಯುವ ನಲ್ಲಿಗೆ ಹೋಗಿ ಮೊಣಕೈವರೆಗೆ ಕೈ ತೊಳೆದುಕೊಂಡ.

ಅವತ್ತು ಹಿರಿಯೂರಿಗೆ ಹೋಗದೆ ದುರ್ಗದಲ್ಲೇ ನೆಂಟರ ಮನೆಯಲ್ಲಿ ಉಳಿದ. ಮರುದಿನ ತಾನೇ ಕಣ್ಣಾರೆ ನೋಡಬೇಕು ಅಂತ ಆಸ್ಪತ್ರೆಯಿಂದ ಅವರ ಜೊತೆ ಕಾರಿನಲ್ಲಿ ಹಿಂದೆ ಕೂತ. ದ್ಯಾಮಮ್ಮ ಮಲಗಿದಳು. ಹೊಳಲ್ಕೆರೆ ರಸ್ತೆಗೆ ತಿರುಗುವ ಹೊತ್ತಿಗೆ, ಮೊನ್ನೆ ಕೆಟ್ಟದ್ದು ಇವತ್ತು ಹೇಗೆ ಸರಿಹೋಯಿತು ಅಂತ ಮಗನನ್ನು ಕೇಳಿದಳು. ಹಾಲೇಶನಿಗೆ ಅವ್ವನ ಎದುರಿಗೆ ಸುಳ್ಳು ಬರುವುದಿಲ್ಲ, ಮೊದಲಿನಿಂದಲೂ ಹಾಗೆ. ಇದ್ದದ್ದು ಇದ್ದ ಹಾಗೆ ಹೇಳಿದ. ದ್ಯಾಮಮ್ಮ ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳಿದಳು. ಆಮೇಲೆ ಗುಂಡಿ ತಡಕಿ ಒತ್ತಿ, ಸೀಟನ್ನು ನೆಟ್ಟಗೆ ಮಾಡಿಕೊಂಡು ಕೂತಳು.

"ಚಿತ್ರಣ್ಣ, ಅವತ್ತು ಬಾಗೂರಿನೋನಿಗೆ ಕರುವಿನ ದುಡ್ಡು ಕೊಡಬ್ಯಾಡ ಅಂದೋನು ನೀನು. ಇವತ್ತು ಅದೇ ದುಡ್ಡನ್ನ ನೀನೇ ಕಟ್ಟಿ ಬಂದೀಯಲ್ಲಣ್ಣ."

ಚಿತ್ರಲಿಂಗಪ್ಪ, ಒಂದು ತಿಂಗಳಿಗೆ ಮಾತ್ರ, ಆಮೇಲೆ ಏನಾದರೂ ದಾರಿ ನೋಡೋಣ ಅಂತ ಏನೋ ಹೇಳಿದ, ಅದು ಅವನಿಗೇ ಕೇಳಿಸಲಿಲ್ಲ. ದ್ಯಾಮಮ್ಮ, ನಿನ್ನ ಋಣದ ಮೇಲೆ ಮಲಗುವುದಿಲ್ಲ ಅನ್ನುವ ಹಾಗೆ ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂತಿದ್ದಳು. ಒಂದು ಮೈಲಿ ಹೋಗಿರಲಿಲ್ಲ, ಅವಳ ಕತ್ತು ಪಕ್ಕಕ್ಕೆ ವಾಲಿತು. ಹಿಂದಿನಿಂದ ಅವಳ ಬಿಳುಚಿದ ಕಿವಿ, ಬೆವರಿನಿಂದ ಅಂಟಿದ ಕೂದಲು ಕಾಣುತ್ತಿತ್ತು. ಚಿತ್ರಲಿಂಗಪ್ಪ ಹಾಲೇಶನ ಭುಜ ಹಿಡಿದು, ನಿಲ್ಲಿಸು, ಜಂಬಣ್ಣನ ಅಂಗಡಿ ಮುಂದೆ ನಿಲ್ಲಿಸು ಅಂದ.

ಜಂಬಣ್ಣ ರಸ್ತೆ ಬದಿಯಲ್ಲಿ ಲಾರಿ ಟ್ರ್ಯಾಕ್ಟರುಗಳ ವೈರಿಂಗು ಮಾಡುವ ಎಲೆಕ್ಟ್ರಿಷಿಯನ್ನು. ಅರ್ಧ ಬೋಳು ತಲೆ, ಕಿವಿಗೆ ಸಿಕ್ಕಿಸಿದ ಟೆಸ್ಟರು. ಎಲ್ಲ ಕೇಳಿ, ಸೀಟಿನ ಕೆಳಗೆ ಬಗ್ಗಿ ನೋಡಿ, ಮೋಟಾರಿಗೆ ಇರುವುದು ಎರಡೇ ತಂತಿ, ಇದರಲ್ಲಿ ಏನು ಬ್ರಹ್ಮವಿದ್ಯೆ ಅಂದ. ಆದರೆ ಒಂದು ಮಾತು ಮೊದಲೇ ಹೇಳುತ್ತೇನೆ ಅಂತಲೂ ಅಂದ. ತಂತಿ ಕತ್ತರಿಸಿದರೆ ಕಾರೇ ಕಂಪನಿಗೆ ಚಾಡಿ ಹೇಳುತ್ತದೆ. ಆಮೇಲೆ ವಾರಂಟಿ ಇಲ್ಲ, ನಾಳೆ ಬೇರೇನಾದರೂ ಕೆಟ್ಟರೆ ಶೋರೂಮಿನವರು ಕೈ ಹಚ್ಚುವುದಿಲ್ಲ. ಹಾಲೇಶ ಚಿತ್ರಲಿಂಗಪ್ಪನ ಮುಖ ನೋಡಿದ. ಚಿತ್ರಲಿಂಗಪ್ಪ ಒಂದು ಸಲ ಮಾತು ಕೊಟ್ಟು ನೋಡಿ ಆಗಿತ್ತು, ಇನ್ನೊಬ್ಬರ ಗಾಡಿಗೆ ಇನ್ನೊಂದು ಮಾತು ಕೊಡುವ ಧೈರ್ಯ ಅವನಲ್ಲಿರಲಿಲ್ಲ.

ಕಣ್ಣು ಬಿಡದೆಯೇ ದ್ಯಾಮಮ್ಮ ಹೇಳಿದಳು: "ಕತ್ತರಿಸ್ರಿ. ನಂದು ಅಂದ್ಮೇಲೆ ನಂದು."

ಜಂಬಣ್ಣ ಕತ್ತರಿಸಿದ. ಪಕ್ಕದ ಹಾರ್ಡ್‌ವೇರ್ ಅಂಗಡಿಯಿಂದ ಮನೆಬಾಗಿಲಿಗೆ ಹಾಕುವ ಕಾಲಿಂಗ್ ಬೆಲ್ಲಿನ ಎರಡು ಸ್ವಿಚ್ಚು ತಂದು, ಸೀಟಿನ ಪಕ್ಕಕ್ಕೆ ಸ್ಕ್ರೂ ಹೊಡೆದು, ಒಂದು ಮಲಗುವುದಕ್ಕೆ ಒಂದು ಏಳುವುದಕ್ಕೆ ಅಂತ ಬ್ಯಾಟರಿಗೆ ನೇರವಾಗಿ ಎಳೆದ. ಅರ್ಧ ಗಂಟೆಯ ಕೆಲಸ. ಸ್ವಿಚ್ಚಿನ ಮೇಲೆ ಗಂಟೆಯ ಚಿತ್ರ ಇತ್ತು. ದ್ಯಾಮಮ್ಮ ಅದನ್ನು ಒತ್ತಿದಳು. ಸೀಟು ಗುಂಯ್ ಅಂತ ಮಲಗಿತು. ಅವಳ ಎದೆಯಿಂದ ಉಸಿರು ಹೊರಗೆ ಬಂದದ್ದು ಮೂವರಿಗೂ ಕೇಳಿಸಿತು.

ಅದೇ ಗಳಿಗೆಯಲ್ಲಿ ಪರದೆ ಕೆಂಪಾಯಿತು. ಅನುಮತಿಯಿಲ್ಲದೆ ಬದಲಾವಣೆ ಮಾಡಲಾಗಿದೆ, ಕೂಡಲೇ ಶೋರೂಮಿಗೆ ಬನ್ನಿ. ಬರಹದ ಜೊತೆಗೆ ಕೀಂ ಕೀಂ ಅಂತ ಕೂಗು. ಒಂದು ನಿಮಿಷ ಸುಮ್ಮನಿದ್ದು ಮತ್ತೆ ಕೂಗು. ಜಂಬಣ್ಣ ಕೈ ಚೆಲ್ಲಿದ. ಅದರ ಬಾಯಿ ಮುಚ್ಚಿಸಬೇಕಾದರೆ ಪರದೆಯನ್ನೇ ಕೀಳಬೇಕು, ಕಿತ್ತರೆ ಕಾರೇ ನಡೆಯುವುದಿಲ್ಲ ಅಂದ. ಕಳ್ಳ ಬಂದ ಕಳ್ಳ ಬಂದ ಅಂತ ಅದು ಕೂಗಿಕೊಳ್ಳುತ್ತಿತ್ತು, ಅದೂ ಮನೆಯೊಡತಿಯನ್ನು ನೋಡಿ. ಚಿತ್ರಲಿಂಗಪ್ಪ ಹಿಂದಿನ ಸೀಟಿನಿಂದ ಮುಂದಕ್ಕೆ ಬಗ್ಗಿ, ಹೆಗಲ ಟವೆಲ್ಲು ತೆಗೆದು ಪರದೆಯ ಮೇಲೆ ಹೊದಿಸಿದ. ಬರಹ ಮುಚ್ಚಿತು, ಕೂಗು ಮುಚ್ಚಲಿಲ್ಲ. ಟವೆಲ್ಲು ಹಾಸಿದ ಅಭ್ಯಾಸಕ್ಕೋ ಏನೋ, ಅವನ ಬಲಗೈ ತಾನಾಗಿ ಅದರ ಕೆಳಗೆ ಹೋಯಿತು.

ಮಲಗಿದ್ದಲ್ಲಿಂದಲೇ ದ್ಯಾಮಮ್ಮ ಅರೆಗಣ್ಣು ಬಿಟ್ಟು ನೋಡಿದಳು. "ಏನಣ್ಣ, ರೇಟು ಕೇಳ್ತಿದೀಯಾ?"

"ಕೈ ಇದ್ರಲ್ವೇನವ್ವ ಕೇಳೋದು," ಅಂದ ಚಿತ್ರಲಿಂಗಪ್ಪ, ಮತ್ತು ತನ್ನ ಕೈ ಹೊರಗೆ ತೆಗೆದ.

ತಾಳ್ಯ ಮುಟ್ಟುವ ಹೊತ್ತಿಗೆ ಅವಳು ನಿದ್ದೆ ಹೋಗಿದ್ದಳು. ಕೂಗು ನಡೆದೇ ಇತ್ತು. ಟವೆಲ್ಲು ತೆಗೆದರೆ ಆ ಕೆಂಪು ಬೆಳಕು ಅವಳ ಮುಖಕ್ಕೆ ಹೊಡೆಯುತ್ತದೆ ಅಂತ ಅದನ್ನು ಅಲ್ಲೇ ಬಿಟ್ಟು, ಚಿತ್ರಲಿಂಗಪ್ಪ ಬರೀ ಹೆಗಲಲ್ಲಿ ಬಸ್ಸು ಹತ್ತಿದ.

ಆ ವರ್ಷದ ತುಪ್ಪದ ಡಬ್ಬಿ ತಡವಾಗಿಯಾದರೂ ಬಂತು. ಅವನು ಅದರ ಮುಚ್ಚಳ ತೆಗೆಯಲಿಲ್ಲ. ಹೆಂಡತಿ ಏಕನಾಥಮ್ಮ ಯಾಕೆ ಅಂತ ಕೇಳಿದ್ದಕ್ಕೆ, ಇನ್ನು ನನಗೆ ಅದು ದಕ್ಕುವುದಿಲ್ಲ ಅಂದ.

ಈಗಲೂ ಸಂತೆಗೆ ಹೋಗುತ್ತಾನೆ. ಹೊಸ ಟವೆಲ್ಲು ಕೊಂಡಿದ್ದಾನೆ, ಎಮ್ಮೆ ಎತ್ತು ಕುರಿ ಕೊಡಿಸುತ್ತಾನೆ. ಕಾರು, ಟ್ರ್ಯಾಕ್ಟರು ಅಂತ ಯಾರಾದರೂ ಬಂದರೆ, ಆ ಹೇಸಿಗೆ ನನ್ನ ಹತ್ತಿರ ತರಬೇಡಿ ಅನ್ನುತ್ತಾನೆ. ಮೊನ್ನೆ ಹೊಸದುರ್ಗದ ಕಡೆಯ ರೈತನೊಬ್ಬ ಎಮ್ಮೆ ನೋಡುವುದಕ್ಕೆ ಬಂದಿದ್ದ, ಹೊಸಬ. ಅವನನ್ನು ಕರೆತಂದವನು ಎಂದಿನ ಹಾಗೆ ಶುರು ಮಾಡಿದ: ಚಿತ್ರಲಿಂಗಪ್ಪ ನಿಂತು ಕೊಡಿಸಿದ್ದು ನಲವತ್ತು ವರ್ಷದಲ್ಲಿ ಒಂದೂ ವಾಪಸ್ ಬಂದಿಲ್ಲ, ಕಣ್ಣು ಮುಚ್ಚಿಕೊಂಡು ತಗೋ. ಎಮ್ಮೆಯ ಹಲ್ಲು ನೋಡುತ್ತಿದ್ದ ಚಿತ್ರಲಿಂಗಪ್ಪ ಅದರ ಬಾಯಿ ಬಿಟ್ಟು, ಕೈ ಒರೆಸಿಕೊಂಡು ಎದ್ದು ನಿಂತ.

"ಒಂದು ಬಂದೈತೆ," ಅಂದ. ಪಕ್ಕಕ್ಕೆ ತಿರುಗಿ ಉಗಿದು, ಕೊಳ್ಳುವವನ ಕೈಗೆ ಚೊಂಬು ಕೊಟ್ಟ.